ಅಮ್ಮನ ಕಡತ ಅಮ್ಮನಿಗೇ ಗುಟ್ಟೇ?

ಕೆಲವು ತಿಂಗಳಿಂದ ನನಗೆ ಬರುತ್ತಿರುವ ಪತ್ರಗಳಲ್ಲಿ ಒಂದೇ ಮಾತು ತಿರುತಿರುಗಿ ಬರುತ್ತಿದೆ: "ಖಾಸಗಿತನದ ಹೊಸ ಕಾನೂನು ಬಂದ ಮೇಲೆ ಮಾಹಿತಿ ಹಕ್ಕು ಸತ್ತೇಹೋಯಿತಂತೆ, ನಿಜವೇ?" ಸತ್ತಿಲ್ಲ. ಅದರ ಒಂದು ಕೈ ಮುರಿದಿದ್ದಾರೆ, ಅಷ್ಟೇ. ಸತ್ತಿತೆಂದು ವಾಟ್ಸ್ಆ್ಯಪ್‌ನಲ್ಲಿ ಹಂಚುವವರು ಮಾಹಿತಿ ಮುಚ್ಚಿಡುವ ಅಧಿಕಾರಿಗಳಿಗೆ ಪುಕ್ಕಟೆಯಾಗಿ ದುಡಿಯುತ್ತಿದ್ದಾರೆ. ಅರ್ಜಿ ಹೇಗಿರಬೇಕು, ಯಾರಿಗೆ ಕೊಡಬೇಕು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕಾಯ್ದೆ ಬಂದು 20 ವರ್ಷ ಕಳೆದಿದೆ.

ಪ್ರಶ್ನೆ: ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗಾಗಿ 2017ರಲ್ಲಿ ನಡೆದ ವೈದ್ಯಕೀಯ ಶಿಬಿರದ ಮೊದಲ ಪಟ್ಟಿಯಲ್ಲಿ ನನ್ನ ಅಮ್ಮನ ಹೆಸರಿತ್ತು, ಕೊನೆಯ ಪಟ್ಟಿಯಲ್ಲಿ ಇಲ್ಲ. ಅಮ್ಮನನ್ನು ಏಕೆ ಬಿಟ್ಟಿರಿ, ಪಟ್ಟಿಗೆ ಸೇರಿದವರ ಹೆಸರು, ವಿಳಾಸ, ಕಾಯಿಲೆ ಏನು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. "ವೈಯಕ್ತಿಕ ಮಾಹಿತಿ, ನೀಡಲಾಗದು" ಎಂದು ಒಂದು ಸಾಲಿನ ಉತ್ತರ ಬಂದಿದೆ. ಮುಂದೇನು? (ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಓದುಗರು)

ನಿಮಗೆ ಬಂದ ಉತ್ತರದ ಪ್ರತಿಯನ್ನು ನೋಡಿದೆ. ಒಂದು ಸಾಲು, ಒಂದು ಕಲಂ ಸಂಖ್ಯೆ, ಒಂದು ಮೊಹರು, ಅದರ ಮೇಲೆ ಓದಲಾಗದ ಸಹಿ. ನಿರಾಕರಿಸುವಾಗ ಕಾರಣ ತಿಳಿಸಬೇಕು, ಎಷ್ಟು ದಿನದೊಳಗೆ ಯಾರಿಗೆ ಮೇಲ್ಮನವಿ ಸಲ್ಲಿಸಬಹುದು ಎಂದೂ ಬರೆಯಬೇಕು ಎನ್ನುತ್ತದೆ ಕಾಯ್ದೆಯ 7(8)ನೇ ಕಲಂ. ನಿಮ್ಮ ಪತ್ರದಲ್ಲಿ ಅದೊಂದೂ ಇಲ್ಲ. ಮೇಲ್ಮನವಿಯ ಮೊದಲ ವಾಕ್ಯವೇ ಇದಾಗಲಿ.

ಆದರೆ ನಿಮ್ಮಲ್ಲೂ ತಪ್ಪಿದೆ. ಅಮ್ಮನ ವಿಷಯವನ್ನೂ ಊರವರ ಕಾಯಿಲೆಯನ್ನೂ ಒಂದೇ ಅರ್ಜಿಯಲ್ಲಿ ಕೇಳಿದಿರಿ. ಎರಡನೆಯದನ್ನು ಕೊಡಲಾಗದು ಎಂದು ಹೇಳಿ ಮೊದಲನೆಯದನ್ನೂ ನುಂಗಿಹಾಕಲು ಕಚೇರಿಗೆ ನೀವೇ ದಾರಿ ತೋರಿಸಿದಿರಿ. ಪಕ್ಕದ ಮನೆಯ ಮಗುವಿನ ಕಾಯಿಲೆಯನ್ನು ಕೇಳುವ ಅರ್ಜಿಯನ್ನು ನಾನು ಯಾರಿಗೂ ಬರೆದುಕೊಡುವುದಿಲ್ಲ. ಪಟ್ಟಿಯಲ್ಲಿ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಅಕ್ಕತಂಗಿಯರ ಮದುವೆ ಮಾತುಕತೆ ಮುರಿದುಬಿದ್ದ ಮನೆಯನ್ನು ಕಂಡಿದ್ದೇನೆ. ಆ ಮನೆಯವರು ಸಹಾಯಧನಕ್ಕೆ ಅರ್ಜಿ ಹಾಕಿದ್ದರೇ ಹೊರತು ತಮ್ಮ ಮರ್ಯಾದೆಯನ್ನು ಯಾರ ಕೈಗೂ ಒಪ್ಪಿಸಿರಲಿಲ್ಲ.

ಈಗ ಕಾನೂನಿಗೆ ಬರೋಣ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ತೀರ್ಪು ಹುಟ್ಟಿದ್ದೇ ಸರಕಾರದ ಇಣುಕುಗಣ್ಣಿನಿಂದ ಪ್ರಜೆಯನ್ನು ಕಾಪಾಡಲು. ಅದೇ ಮಾತನ್ನು ಹಿಡಿದು ಸರಕಾರಿ ಕಡತಕ್ಕೆ ಹೊದಿಕೆ ಹೊದಿಸುತ್ತಿರುವುದನ್ನು ಕಂಡಾಗ ನನ್ನ ರಕ್ತ ಕುದಿಯುತ್ತದೆ.

ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ಮೊದಲು ಹೀಗಿತ್ತು: ಸಾರ್ವಜನಿಕ ಚಟುವಟಿಕೆಗೆ ಸಂಬಂಧವೇ ಇಲ್ಲದ ಅಥವಾ ಒಬ್ಬರ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಯಬಹುದು, ಶಾಸನಸಭೆಗೆ ಕೊಡಲೇಬೇಕಾದ ಮಾಹಿತಿಯನ್ನು ಪ್ರಜೆಗೂ ಕೊಡಬೇಕು. ಖಾಸಗಿತನದ ಆ ಹೊಸ ಕಾನೂನಾದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಇದನ್ನೆಲ್ಲ ಅಳಿಸಿ, "ವೈಯಕ್ತಿಕ ಮಾಹಿತಿ" ಎಂದಷ್ಟೇ ಉಳಿಸಿತು. 2025ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ನಿಮಗೆ ಬಂದ ಒಂದು ಸಾಲಿನ ಧೈರ್ಯ ಇಲ್ಲಿಯದು.

ಆದರೆ ಉಳಿದ ಕಲಮುಗಳನ್ನು ಯಾರೂ ಅಳಿಸಿಲ್ಲ. ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿ ಇರುವ ಮಾಹಿತಿಯನ್ನೂ ಕೊಡಬಹುದು ಎನ್ನುವ 8(2) ಹಾಗೆಯೇ ಇದೆ. ಕೊಡಬಾರದ ಭಾಗಕ್ಕೆ ಮಸಿ ಬಳಿದು ಉಳಿದದ್ದನ್ನು ಕೊಡಬೇಕೆನ್ನುವ 10ನೇ ಕಲಂ ಇದೆ. ನಿರಾಕರಿಸಿದ್ದು ಸರಿ ಎಂದು ಸಾಬೀತುಪಡಿಸುವ ಹೊಣೆ ಮಾಹಿತಿ ಅಧಿಕಾರಿಯದೇ ಎನ್ನುವ 19(5) ಇದೆ. ಅಮ್ಮನ ಕಡತವಂತೂ ಅಮ್ಮನದು. ಅವರಿಂದಲೇ ಅವರ ಖಾಸಗಿತನವನ್ನು ಕಾಪಾಡುತ್ತೇವೆ ಎಂಬ ವಾದ ಯಾವ ಮೇಲ್ಮನವಿಯಲ್ಲೂ ನಿಲ್ಲಬಾರದು.

ಹಾಗಾಗಿ ಎರಡು ಕೆಲಸ ಮಾಡಿ. ಉತ್ತರ ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಊರವರ ಹೆಸರು, ಕಾಯಿಲೆಯ ಬೇಡಿಕೆಯನ್ನು ಕೈಬಿಟ್ಟಿದ್ದೇನೆ ಎಂದು ಅದರಲ್ಲೇ ಬರೆಯಿರಿ. ಜೊತೆಗೆ ಅಮ್ಮನ ಹೆಸರಿನಲ್ಲೇ ಹೊಸ ಅರ್ಜಿ ಹಾಕಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಲಿ. ಅದರಲ್ಲಿ "ಏಕೆ" ಎಂಬ ಪದ ಬೇಡ. ಕಡತದಲ್ಲಿ ಇರುವುದನ್ನು ಮಾತ್ರ ಕೇಳಿ. ಶಿಬಿರದಲ್ಲಿ ವೈದ್ಯರು ಅಮ್ಮನ ಬಗ್ಗೆ ಬರೆದ ತಪಾಸಣಾ ಹಾಳೆ. ಅವರ ಹೆಸರು ಕೈಬಿಟ್ಟ ಹಂತದ ಟಿಪ್ಪಣಿ. ಆಯ್ಕೆಗೆ ಬಳಸಿದ ಮಾನದಂಡ. ಅದನ್ನು ಒಪ್ಪಿದ ಸಭೆಯ ನಡಾವಳಿ. ಎಲ್ಲದಕ್ಕೂ ದೃಢೀಕೃತ ಪ್ರತಿ ಬೇಕೆಂದು, ಕಡತವನ್ನು ಕಣ್ಣಾರೆ ನೋಡಲು ದಿನ ಗೊತ್ತುಮಾಡಬೇಕೆಂದು ಸೇರಿಸಿ.

ಮಾನದಂಡವನ್ನು ಯಾರ ಹೆಸರೂ ಇಲ್ಲದೆ ಕೊಡಬಹುದು, ಅದಕ್ಕಾಗಿಯೇ ಅದನ್ನು ಒತ್ತಿ ಹೇಳುತ್ತಿದ್ದೇನೆ. ಆ ಶಿಬಿರದಲ್ಲಿ ಗುರುತಿಸಿದವರು 1905. ಕೊನೆಯ ಪಟ್ಟಿಗೆ ಬಂದವರು 287. ಜನ ಬೀದಿಗಿಳಿದ ಮೇಲೆ 76 ಮಂದಿ ಸೇರಿದರು, ತಾಯಂದಿರು ತಿರುವನಂತಪುರಕ್ಕೆ ಹೋಗಿ ಕುಳಿತ ಮೇಲೆ 511 ಮಕ್ಕಳು ಸೇರಿದರು. ಉಳಿದದ್ದು 1031. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದು ಸರಕಾರಿ ಸ್ವಾಮ್ಯದ ನಿಗಮ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು 2017ರ ಜನವರಿಯಲ್ಲಿ ಆದೇಶಿಸಿದ್ದು ಸುಪ್ರೀಂ ಕೋರ್ಟ್. 1031 ಹೆಸರುಗಳ ಮೇಲೆ ಗೀಟು ಎಳೆದ ನಿಯಮ ಯಾವುದು ಎಂಬುದು ಯಾರ ಮನೆಯ ಖಾಸಗಿ ವಿಷಯ?

ಇನ್ನೊಂದು ಕಚೇರಿಯ ಹೊರಗೋಡೆಯ ಮೇಲೆ ನಾನು ಕಂಡದ್ದನ್ನೂ ಹೇಳಬೇಕು. ಸಹಾಯಧನದ ಪಟ್ಟಿ ಅಂಟಿಸಿದ್ದರು. ಮಳೆನೀರು ಬಿದ್ದು ಕಾಗದದ ಅಂಚು ಮುದುಡಿತ್ತು, ಆದರೂ ಎಲ್ಲವೂ ಸ್ಪಷ್ಟವಾಗಿ ಓದಲು ಬರುತ್ತಿತ್ತು: ಹೆಸರು, ಮನೆಹೆಸರು, ಕಾಯಿಲೆ, ಬ್ಯಾಂಕ್ ಖಾತೆಯ ಪೂರ್ತಿ ಸಂಖ್ಯೆ. ಒಳಗೆ ಹೋಗಿ ಮಾನದಂಡದ ಪ್ರತಿ ಕೇಳಿದರೆ ಗೌಪ್ಯ ಎಂದರು. ಇಂಥದ್ದು ಕಂಡರೆ ಮೊದಲು ಆ ಹಾಳೆಯನ್ನು ತೆಗೆಸಿ. ಫಲಾನುಭವಿಗಳ ವಿವರವನ್ನು ಕಚೇರಿ ತಾನಾಗಿ ಪ್ರಕಟಿಸಬೇಕೆಂದು 4ನೇ ಕಲಂ ಹೇಳುತ್ತದೆ ನಿಜ. ಕಾಯಿಲೆಯನ್ನೂ ಖಾತೆ ಸಂಖ್ಯೆಯನ್ನೂ ಗೋಡೆಗೆ ಅಂಟಿಸಿ ಎಂದು ಅದು ಹೇಳಿಲ್ಲ.

ಮೊದಲ ಮೇಲ್ಮನವಿಯಲ್ಲೂ ಸೋತರೆ 90 ದಿನದೊಳಗೆ ತಿರುವನಂತಪುರದ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಿ. ತಡವಾಗುತ್ತದೆ. ಲಕೋಟೆ, ಅಂಚೆ ರಸೀದಿ, ಸ್ವೀಕೃತಿ ಒಂದನ್ನೂ ಕಳೆದುಕೊಳ್ಳಬೇಡಿ. ಇದೊಂದು ವಿಷಯದಲ್ಲಿ ನನ್ನದು ಅತಿ ಎಚ್ಚರ ಎನ್ನುವವರಿದ್ದಾರೆ, ಅನ್ನಲಿ.

ಪ್ರಶ್ನೆ: ಮಾಹಿತಿ ಏಕೆ ಬೇಕು ಎಂದು ಗುಮಾಸ್ತರು ಕೇಳುತ್ತಾರೆ. ಏನು ಬರೆಯಲಿ?

ಏನೂ ಬರೆಯಬೇಡಿ. ಕಲಂ 6(2).

ಪ್ರಶ್ನೆ: ಕನ್ನಡದಲ್ಲಿ ಕೊಟ್ಟ ಅರ್ಜಿಯನ್ನು ಹಿಂದಿರುಗಿಸಿದರು. ಮಲಯಾಳದಲ್ಲೇ ಬರೆಯಬೇಕೇ? (ಕುಂಬಳೆ)

ಬೇಕಾಗಿಲ್ಲ. ಕಾಸರಗೋಡಿನ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂಬ ರಕ್ಷಣೆ 1969ರ ಕೇರಳ ಆಡಳಿತ ಭಾಷಾ ಕಾಯ್ದೆಗೆ ತಿದ್ದುಪಡಿಯಾಗಿ ಬಂದದ್ದು. ದೂರು, ಅಹವಾಲುಗಳಿಗೆ ಸಂವಿಧಾನದ 350ನೇ ವಿಧಿಯೂ ಇದೆ. ಅರ್ಜಿಯನ್ನು ಕೈಗೆ ವಾಪಸು ಕೊಟ್ಟರೆ ತೆಗೆದುಕೊಳ್ಳಲೇಬೇಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಆದರೆ ಪಿಂಚಣಿ ನಿಂತುಹೋಗಿದೆ, ದುಡ್ಡಿಗೆ ಅವಸರವಿದೆ ಎಂದಾದರೆ ಇಂಗ್ಲಿಷ್ ಪ್ರತಿಯನ್ನೂ ಜೊತೆಗೆ ಲಗತ್ತಿಸಿ. ಭಾಷೆಯ ಹೋರಾಟವನ್ನು ಅಮ್ಮನ ಔಷಧದ ದುಡ್ಡಿನಿಂದ ನಡೆಸುವುದು ಬೇಡ.

ಪ್ರಶ್ನೆ: ರಸ್ತೆ ಟೆಂಡರ್ ವಿವರ ಕೇಳಿದರೆ ಸರಕಾರಿ ರಹಸ್ಯ ಕಾಯ್ದೆಯಲ್ಲಿ ಜೈಲಿಗೆ ಹಾಕುತ್ತಾರಂತೆ?

1923ರ ಬ್ರಿಟಿಷರ ಕಾಯ್ದೆಯನ್ನು ತೋರಿಸಿ ಹೆದರಿಸುವವರನ್ನು ನಂಬಬೇಡಿ. ಮಾಹಿತಿ ಹಕ್ಕು ಕಾಯ್ದೆ ಅದಕ್ಕಿಂತ ಮೇಲೆ ನಿಲ್ಲುತ್ತದೆ. 22ನೇ ಕಲಂ ಓದಿ.

ಪ್ರಶ್ನೆ: ಸರಕಾರವೇ ನಮ್ಮ ಆರೋಗ್ಯದ ವಿವರವನ್ನು ಕಂಪನಿಗೆ ಕೊಟ್ಟರೆ ಯಾರು ಕೇಳುತ್ತಾರೆ?

ಕೇಳಿದವರಿದ್ದಾರೆ. 2020ರಲ್ಲಿ ಕೇರಳ ಸರಕಾರ ಕೋವಿಡ್ ದತ್ತಾಂಶಕ್ಕಾಗಿ ಸ್ಪ್ರಿಂಕ್ಲರ್ ಎಂಬ ಅಮೆರಿಕದ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಜನ ಹೈಕೋರ್ಟಿಗೆ ಹೋದರು. ಯಾರೆಂದು ಗುರುತು ಸಿಗದಂತೆ ಮಾಡಿದ ಮೇಲಷ್ಟೇ ವಿವರವನ್ನು ಕಂಪನಿಗೆ ಕೊಡಬೇಕು, ಇನ್ನು ಮುಂದೆ ಜನರ ಒಪ್ಪಿಗೆ ಪಡೆಯಬೇಕು ಎಂದು ಅದೇ ಏಪ್ರಿಲ್ 24ರಂದು ಮಧ್ಯಂತರ ಆದೇಶ ಬಂತು.

ಪ್ರಶ್ನೆ: ಪೇಟೆಯಲ್ಲಿ ಒಬ್ಬರು 500 ರೂಪಾಯಿಗೆ "ಗ್ಯಾರಂಟಿ ಮಾಹಿತಿ ಹಕ್ಕು ಅರ್ಜಿ" ಬರೆದುಕೊಡುತ್ತಾರೆ. ಆಧಾರ್ ಪ್ರತಿಯನ್ನೂ ಕೇಳುತ್ತಾರೆ. ಕೊಡಬಹುದೇ? (ಬದಿಯಡ್ಕ)

ಕೊಡಬೇಡಿ. ಅರ್ಜಿಯ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಬರೆಯಲು ಬಾರದವರ ಮಾತನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ. ಕಲಂ 6(1) ಹಾಗೆಂದೇ ಹೇಳುತ್ತದೆ. ಈಗಾಗಲೇ ಆಧಾರ್ ಪ್ರತಿ ಕೊಟ್ಟಿದ್ದರೆ ಇವತ್ತೇ ಹೋಗಿ ವಾಪಸು ತನ್ನಿ.