ಓದುಗರ ಗ್ಯಾರೇಜು: ಆಕ್ಸಲ್ ಎಷ್ಟು ಹಲ್ಲಿನದು?

ಪ್ರ: ನೆಲ್ಲು ಸಾಗಿಸಲು ಹಳೇ ಪಿಕಪ್ ಕೊಂಡಿದ್ದೇನೆ. ಹಿಂದಿನ ಆಕ್ಸಲ್ ಸದ್ದು ಮಾಡುತ್ತಿದೆ. ಕ್ರೌನ್-ಪಿನಿಯನ್ (ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ಕೇಳಿದರೆ ಅಂಗಡಿಯವರು ‘ಎಷ್ಟು ಹಲ್ಲಿನದು?’ ಅನ್ನುತ್ತಾರೆ. ಬಿಚ್ಚದೆ ತಿಳಿಯಬಹುದೇ?
– ಓದುಗರು, ಸಿಂಧನೂರು

ಉ: ರೇಶಿಯೊ ತಿಳಿಯಬಹುದು, ಹಲ್ಲಿನ ಲೆಕ್ಕ ಬೇಕಾದರೆ ಬಿಚ್ಚಲೇಬೇಕು. ಕ್ರೌನ್‌ನ ಹಲ್ಲುಗಳನ್ನು ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ರೇಶಿಯೊ. 41ಕ್ಕೆ 10 ಇದ್ದರೆ 4.10, 41ಕ್ಕೆ 11 ಇದ್ದರೆ 3.73, 39ಕ್ಕೆ 8 ಇದ್ದರೆ 4.88. ಹಳೆಯ ವಿಲ್ಲೀಸ್ ಸಿಜೆ-3ಬಿ ಜೀಪಿನಲ್ಲಿ 43ಕ್ಕೆ 8, ಅಂದರೆ 5.38.

ಮೊದಲು ಹೌಸಿಂಗ್ (ಆಕ್ಸಲಿನ ಹೊರಕವಚ) ಮೇಲಿನ ಮಣ್ಣು, ಗ್ರೀಸು ಕೆರೆದು ನೋಡಿ. ಕೆಲವು ಆಕ್ಸಲ್‌ಗಳಲ್ಲಿ ಕವರಿನ ಬೋಲ್ಟಿಗೆ ಸಣ್ಣ ತಗಡಿನ ಚೀಟಿ ಸಿಕ್ಕಿಸಿರುತ್ತಾರೆ. ಅದರ ಮೇಲೆ ರೇಶಿಯೊ ಅಥವಾ ಹಲ್ಲಿನ ಸಂಖ್ಯೆ ಒತ್ತಿರುತ್ತದೆ. ಸಿಕ್ಕರೂ ಪೂರ್ತಿ ನಂಬಬೇಡಿ. ಇಷ್ಟು ವಯಸ್ಸಾದ ಗಾಡಿಯ ಆಕ್ಸಲ್ ನಡುವೆ ಎಲ್ಲೋ ಗುಜರಿಯಿಂದ ಬಂದಿರಬಹುದು, ಒಳಗಿನ ಸೆಟ್ಟೂ ಬದಲಾಗಿರಬಹುದು. ಎಣಿಸಿ ನೋಡುವುದೇ ಖಾತ್ರಿ.

ಎಣಿಸುವ ಕ್ರಮ ಹೀಗೆ. ಗಾಡಿ ಸಮತಟ್ಟು ನೆಲದ ಮೇಲಿರಲಿ. ಮುಂದಿನ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್ ಬ್ರೇಕ್ ಬಿಡಿ. ಹೆಚ್ಚಿನ ಪಿಕಪ್‌ಗಳಲ್ಲಿ ಅದು ಹಿಂದಿನ ಗಾಲಿಯನ್ನೇ ಹಿಡಿಯುತ್ತದೆ, ಕೆಲವು ಹಳೇ ಜೀಪುಗಳಲ್ಲಿ ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತದೆ. ಬಿಡದಿದ್ದರೆ ಎರಡರಲ್ಲೂ ಎಣಿಕೆ ನಡೆಯುವುದಿಲ್ಲ. ಹಿಂದಿನ ಒಂದೇ ಗಾಲಿಯನ್ನು ಜಾಕಿಯಿಂದ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕಿ ನಂಬಿ ಯಾರೂ ಗಾಡಿ ಕೆಳಗೆ ಹೋಗಬಾರದು. ಟಯರಿನ ಮೇಲೊಂದು, ಪ್ರೊಪೆಲ್ಲರ್ ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಒಬ್ಬರು ಗಾಲಿಯನ್ನು ಒಂದೇ ದಿಕ್ಕಿಗೆ ಸರಿಯಾಗಿ 20 ಸುತ್ತು ತಿರುಗಿಸಲಿ, ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಬಂದ ಸಂಖ್ಯೆಯನ್ನು 10ರಿಂದ ಭಾಗಿಸಿ. 41 ಸುತ್ತು ಬಂದರೆ 4.10; 37 ದಾಟಿ ಕಾಲು ಸುತ್ತಿಗಿಂತ ತುಸು ಹೆಚ್ಚಾದರೆ 3.73, 49ಕ್ಕೆ ಕಾಲು ಸುತ್ತು ಕಡಿಮೆಯಾದರೆ 4.88.

20 ಸುತ್ತಿಗೆ 10ರಿಂದ ಏಕೆ ಭಾಗಿಸಬೇಕು? ಒಂದು ಗಾಲಿ ನೆಲ ಹಿಡಿದು ನಿಂತಾಗ, ಎರಡು ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ಎತ್ತಿದ ಗಾಲಿ ಎರಡು ಸುತ್ತು ಬಂದರೆ ಕ್ರೌನ್ ಒಂದೇ ಸುತ್ತು ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ: ಗಾಲಿ ಒಂದು ಸುತ್ತು, ಶಾಫ್ಟು ಎರಡು ಸುತ್ತು, ‘ಹಾಗಾದರೆ ರೇಶಿಯೊ 2’ ಅಂದುಬಿಡುತ್ತಾರೆ. ಎರಡೂ ಗಾಲಿ ಎತ್ತಿ ಒಂದನ್ನಷ್ಟೇ ತಿರುಗಿಸಿದರೆ ಇನ್ನೂ ಗೊಂದಲ. ಆಚೆಯ ಗಾಲಿ ಉಲ್ಟಾ ತಿರುಗುತ್ತದೆ, ಶಾಫ್ಟು ಕದಲದೆಯೂ ಇರಬಹುದು. ಎತ್ತಿದ ಗಾಲಿ ಕೈಗೆ ತಿರುಗದಷ್ಟು ಬಿಗಿಯಾಗಿದ್ದರೆ ಬ್ರೇಕ್ ಶೂ ಉಜ್ಜುತ್ತಿದೆಯೇ ನೋಡಿ. ಬ್ರೇಕ್ ಸರಿಯಿದ್ದರೆ ಅದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎರಡು ಗಾಲಿಗಳ ವೇಗದ ಅಂತರಕ್ಕೆ ತಡೆ ಒಡ್ಡುವ ಬಗೆ) ಆಗಿರಬಹುದು. ಆಗ ಎರಡೂ ಗಾಲಿ ಎತ್ತಿ, ಎರಡೂ ಒಂದೇ ದಿಕ್ಕಿಗೆ 10 ಸುತ್ತು ಬರುವಂತೆ ತಿರುಗಿಸಿ, 10ರಿಂದಲೇ ಭಾಗಿಸಿ.

ಇನ್ನು ಹಲ್ಲಿನ ಮಾತು. 41ಕ್ಕೆ 10 ಅಂದರೆ 4.10, 37ಕ್ಕೆ 9 ಅಂದರೆ 4.11. 20 ಸುತ್ತಿನ ಎಣಿಕೆಯಲ್ಲಿ ಇವೆರಡರ ನಡುವೆ ಬರುವ ಅಂತರ ಶಾಫ್ಟಿನ ಹತ್ತನೇ ಒಂದು ಸುತ್ತು. ಹಲ್ಲುಗಳ ನಡುವಿನ ಸಡಿಲದಲ್ಲೇ ಅದು ಮುಚ್ಚಿಹೋಗುತ್ತದೆ. ಹೀಗಾಗಿ ದುಡ್ಡು ಕೊಡುವ ಮೊದಲು ಆಯಿಲ್ ಇಳಿಸಿ ತೆರೆದು ನೋಡಿ. ಹಿಂದೆ ಕವರ್ ಇರುವ ಹೌಸಿಂಗ್ ಆದರೆ ಕವರಿನ ಬೋಲ್ಟು ಬಿಚ್ಚಿದರೆ ಸಾಕು. ಮುಂದಿನಿಂದ ಗುಂಡು (ಕ್ರೌನ್-ಪಿನಿಯನ್ ಕೂರಿಸಿದ ಭಾಗ) ಹೊರಬರುವ ಬಗೆಯಾದರೆ ಮೊದಲು ಎರಡೂ ಆಕ್ಸಲ್ ಶಾಫ್ಟು ಎಳೆಯಬೇಕು. ಕ್ರೌನ್‌ನ ಅಂಚಿನಲ್ಲಿ 41-10ರಂತೆ ಒತ್ತಿರುವುದುಂಟು. ಪಕ್ಕದಲ್ಲೇ ಬೇರೆ ಅಂಕಿಗಳೂ ಇರುತ್ತವೆ: ಜೋಡಿಯ ನಂಬರು, ಫಿಟ್ಟಿಂಗಿನ ಅಳತೆ ಇತ್ಯಾದಿ. ಅವನ್ನು ಹಲ್ಲಿನ ಲೆಕ್ಕವೆಂದು ಓದಿಕೊಳ್ಳಬೇಡಿ. ಒಂದು ಹಲ್ಲಿಗೆ ಬಣ್ಣ ಹಚ್ಚಿ ಎಣಿಸಿಯೇ ಬಿಡಿ.

ಅಂದಹಾಗೆ, ಸದ್ದು ಕ್ರೌನ್‌ನದ್ದೇ ಎಂದು ಖಾತ್ರಿಯೇ? ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಸದ್ದು ಬದಲಾದರೆ ಅನುಮಾನ ಕ್ರೌನ್-ಪಿನಿಯನ್ ಮೇಲೆ. ಸ್ಟೇರಿಂಗ್ ಎಡಬಲ ಹೊರಳಿಸಿದಾಗ ಬದಲಾದರೆ ಗಾಲಿಯ ಬೇರಿಂಗ್ ನೋಡಿ, ಅದು ಅಗ್ಗದ ಕೆಲಸ.

ಪ್ರ: ನನ್ನ ಪಿಕಪ್ಪಿಗೆ ದೊಡ್ಡ ಟಯರ್ ಹಾಕಿಸಿದ ಮೇಲೆ ಏರಿನಲ್ಲಿ ಲೋಡ್ ಎಳೆಯುತ್ತಿಲ್ಲ, ಮೈಲೇಜೂ ಬಿದ್ದಿದೆ. ರೇಶಿಯೊ ಬದಲಿಸಬೇಕೇ?
– ಓದುಗರು, ಸಂಡೂರು

ಉ: ಮೊದಲು ಟಯರ್ ಅಳೆಯಿರಿ. ಗಾಡಿಯಲ್ಲಿ ಎಂದಿನ ಲೋಡ್ ಇರಲಿ. ಟಯರಿಗೂ ನೆಲಕ್ಕೂ ಗುರುತು ಹಾಕಿ, ಒಂದು ಪೂರ್ತಿ ಸುತ್ತು ಉರುಳಿಸಿ ಟೇಪು ಹಿಡಿಯಿರಿ. ಹಳೆಯದು 2 ಮೀಟರ್, ಹೊಸದು 2.2 ಮೀಟರ್ ಅಂದುಕೊಳ್ಳಿ. ಆಗ 4.10ರ ಆಕ್ಸಲ್ ರಸ್ತೆಯಲ್ಲಿ 3.73ರಂತೆ ನಡೆಯುತ್ತದೆ, ಎಳೆತ ಹತ್ತಿರ ಹತ್ತಿರ ಶೇ 10ರಷ್ಟು ಕಡಿಮೆ. ಏರಿನಲ್ಲಿ ಉಸಿರು ಕಟ್ಟುವುದು ಅದಕ್ಕೇ.

ಮೈಲೇಜಿನಲ್ಲಿ ಒಂದಿಷ್ಟು ಭ್ರಮೆಯೂ ಸೇರಿದೆ. ಮೀಟರ್ ಗೇರ್‌ಬಾಕ್ಸಿನ ಬಾಲದಿಂದ ಓಡುವ ಗಾಡಿಯಾದರೆ ಅದಕ್ಕೆ ಟಯರ್ ಬದಲಾದದ್ದು ಗೊತ್ತೇ ಆಗುವುದಿಲ್ಲ. 110 ಕಿ.ಮೀ. ಓಡಿದರೂ 100 ಎಂದೇ ತೋರಿಸುತ್ತದೆ. ವೇಗದ ಮುಳ್ಳು 60ರಲ್ಲಿದ್ದಾಗ ನೀವು ಓಡುತ್ತಿರುವುದು 66ರಲ್ಲಿ, ಇದು ನೆನಪಿರಲಿ.

ಹಳೇ ಅಳತೆಯ ಟಯರಿಗೆ ಮರಳುವುದೇ ಸರಿ. ಕ್ರೌನ್-ಪಿನಿಯನ್ ಬದಲಿಸುವುದು ದುಬಾರಿ. ನಾಲ್ಕೂ ಗಾಲಿ ಎಳೆಯುವ ಗಾಡಿಯಾದರೆ ಮುಂದಿನ ಆಕ್ಸಲ್ಲನ್ನೂ ಅದಕ್ಕೆ ಹೊಂದಿಸಬೇಕು, ಇಲ್ಲದಿದ್ದರೆ ಫೋರ್‌ವೀಲ್ ಹಾಕಿದಾಗ ಗಟ್ಟಿ ರಸ್ತೆಯಲ್ಲಿ ಎರಡು ಆಕ್ಸಲ್‌ಗಳೂ ಒಂದಕ್ಕೊಂದು ಜಗ್ಗಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು ಬೀಳುತ್ತದೆ.

ಪ್ರ: ಪಿನಿಯನ್ ಮಾತ್ರ ಬದಲಿಸಿದರೆ ನಡೆಯುವುದೇ?
– ಓದುಗರು, ಕುಷ್ಟಗಿ

ಉ: ನಡೆಯುವುದಿಲ್ಲ. ಎರಡನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿ ಉಜ್ಜಿ ಕೂರಿಸಿರುತ್ತಾರೆ. ಒಂದನ್ನೇ ಬದಲಿಸಿದರೆ ಮೊದಲು ಗುಂಯ್‌ಗುಟ್ಟುತ್ತದೆ, ಆಮೇಲೆ ಹಲ್ಲು ತಿನ್ನುತ್ತದೆ. ಹೊಸ ಸೆಟ್ಟು ಕೂರಿಸುವಾಗ ಶಿಮ್ (ತೆಳು ತಗಡಿನ ಬಿಲ್ಲೆ) ಅಳತೆ, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಎರಡನ್ನೂ ಡಯಲ್ ಗೇಜ್ ಹಿಡಿದೇ ಹೊಂದಿಸುವ ಮೇಸ್ತ್ರಿಗೆ ಕೆಲಸ ಕೊಡಿ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು. ಒಳಗೆ ಕ್ರಶ್ ಸ್ಲೀವ್ (ನಟ್ಟು ಬಿಗಿಸುವಾಗ ಅಮುಕಿಹೋಗುವ ಕೊಳವೆ) ಇದ್ದರೆ ಅದೂ ಪಿನಿಯನ್ ನಟ್ಟೂ ಹೊಸದೇ ಆಗಬೇಕು. ಆಯಿಲ್ ಜಿಎಲ್-5 ದರ್ಜೆಯದು, ಲೆವೆಲ್ ಪ್ಲಗ್ಗಿನ ಅಂಚಿಗೆ ಮುಟ್ಟುವಷ್ಟು ಮಾತ್ರ. ಹೆಚ್ಚು ತುಂಬಿದರೆ ಸೀಲ್ ದಾಟಿ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಮೊದಲ 25-30 ಕಿ.ಮೀ. ಖಾಲಿ ಓಡಿಸಿ, ನಿಲ್ಲಿಸಿ ಪೂರ್ತಿ ಆರಲು ಬಿಡಿ. 500 ಕಿ.ಮೀ. ಆಗುವವರೆಗೆ ಭಾರೀ ಲೋಡ್ ಹೇರಬೇಡಿ, ಆಮೇಲೆ ಆಯಿಲ್ ಇಳಿಸಿ ಹೊಸದು ಹಾಕಿಸಿ.