ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಕಾಂತಕ್ಷೇತ್ರದ ಹಿಡಿತದಿಂದ ಪ್ಲಾಸ್ಮಾ ಏಕೆ ಜಾರುತ್ತದೆ?

ಪ್ರಶ್ನೆ: ಟೊಕಮಾಕ್ ಯಂತ್ರಗಳಲ್ಲಿ ಅಷ್ಟು ಪ್ರಬಲವಾದ ಅಯಸ್ಕಾಂತಗಳಿದ್ದರೂ ಪ್ಲಾಸ್ಮಾ ನೆಮ್ಮದಿಯಾಗಿ ನಿಲ್ಲುವುದಿಲ್ಲವೇಕೆ? ಜರ್ಮನಿಯಲ್ಲಿ ಕಂಡುಹಿಡಿದ ‘ಎಚ್-ಮೋಡ್’ ಸ್ಥಿರವಾದ ಸ್ಥಿತಿ ಎಂದು ಓದಿದ್ದೇನೆ. ಹಾಗಿದ್ದರೆ ಉಳಿದಿರುವ ತೊಡಕೇನು?
– ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ, ಹಾಸನ

ಉತ್ತರ: ಸೂರ್ಯನಲ್ಲಿ ಗುರುತ್ವ ಎಲ್ಲ ದಿಕ್ಕಿನಿಂದಲೂ ಒಳಮುಖವಾಗಿಯೇ ಎಳೆಯುತ್ತದೆ. ಸೂರ್ಯನಲ್ಲಿ ನಡೆಯುವಂಥ ಪರಮಾಣು ಬೀಜಗಳ ಸಮ್ಮಿಲನವನ್ನು ಭೂಮಿಯಲ್ಲಿ ಸಾಧಿಸಲು ಕಟ್ಟುವ ಉಂಗುರದಾಕಾರದ ಯಂತ್ರ ಟೊಕಮಾಕ್‌ನಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಸುಮಾರು 15 ಕೋಟಿ ಡಿಗ್ರಿ ಸೆಲ್ಸಿಯಸ್ ತಾಪದ ಪ್ಲಾಸ್ಮಾ (ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟ ಅನಿಲ) ಹೊರಕ್ಕೆ ಒತ್ತುತ್ತಿರುತ್ತದೆ. ಜೊತೆಗೆ ಅದರಲ್ಲಿ ಹರಿಯುವ ವಿದ್ಯುತ್ತು ತನ್ನದೇ ಕಾಂತಕ್ಷೇತ್ರವನ್ನು ಸೃಷ್ಟಿಸಿ, ಹೊರಗಿನ ಸುರುಳಿಗಳು ಹಾಸಿಕೊಟ್ಟ ಬಲರೇಖೆಗಳನ್ನು ತಿರುಚುತ್ತದೆ. ಈ ತಿರುಚು ಬೇಕೇ ಬೇಕು, ಏಕೆಂದರೆ ಅದಿಲ್ಲದೆ ಕಣಗಳು ಉಂಗುರದಿಂದ ಹೊರಕ್ಕೆ ಸರಿದುಹೋಗುತ್ತವೆ. ಆದರೆ ಹಗ್ಗ ಹೊಸೆದವರಿಗೆ ಗೊತ್ತಿರುವಂತೆ, ಹುರಿ ಮಿತಿಮೀರಿದಾಗ ಹಿಡಿತ ತುಸು ಸಡಿಲಿಸಿದರೂ ಹಗ್ಗ ತನ್ನ ಮೇಲೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಪ್ಲಾಸ್ಮಾ ಹೀಗೆ ಸೊಟ್ಟಗಾಗುವುದನ್ನೇ ‘ಕಿಂಕ್’ ಅಸ್ಥಿರತೆ ಎನ್ನುತ್ತಾರೆ.

ಇದರ ಮಿತಿಯನ್ನು 1950ರ ದಶಕದಲ್ಲಿ ಅಮೆರಿಕದ ಕ್ರುಸ್ಕಾಲ್ ಮತ್ತು ಸೋವಿಯತ್ ಒಕ್ಕೂಟದ ಶಫ್ರಾನೋವ್ ಬೇರೆಬೇರೆಯಾಗಿಯೇ ಲೆಕ್ಕ ಹಾಕಿದರು. ಒಂದು ಬಲರೇಖೆಯು ಉಂಗುರದ ಅಡ್ಡಕೊಯ್ತದಲ್ಲಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಉಂಗುರದ ಉದ್ದಕ್ಕೆ ಎಷ್ಟು ಸುತ್ತು ಹಾಕುತ್ತದೆ ಎಂಬ ಸಂಖ್ಯೆಯೇ ಸುರಕ್ಷತಾ ಗುಣಾಂಕ. ಪ್ಲಾಸ್ಮಾದ ಅಂಚಿನಲ್ಲಿ ಇದು 2ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಪ್ಲಾಸ್ಮಾ ಕುಸಿಯುತ್ತದೆ. ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಬೃಹತ್ ಟೊಕಮಾಕ್ ಐಟಿಇಆರ್ ಅನ್ನು ಸುಮಾರು 3ಕ್ಕೆ ಯೋಜಿಸಿರುವುದು ಇದೇ ಕಾರಣಕ್ಕೆ. ನಡುಭಾಗದಲ್ಲಿ ಈ ಸಂಖ್ಯೆ 1ಕ್ಕಿಂತ ಕಡಿಮೆಯಾದಾಗ ಆಗುವುದು ಅಷ್ಟು ಘೋರವಲ್ಲ: ತಾಪ ನಿಧಾನವಾಗಿ ಏರುತ್ತ ಹೋಗಿ ಥಟ್ಟನೆ ಇಳಿಯುತ್ತದೆ, ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ, ಅಳತೆಯ ಗೆರೆ ಗರಗಸದ ಹಲ್ಲುಗಳಂತೆಯೇ ಕಾಣುತ್ತದೆ. ಇವಲ್ಲದೆ ಒತ್ತಡಕ್ಕೆ ಟ್ರೊಯೋನ್ ಮಿತಿಯೂ ಸಾಂದ್ರತೆಗೆ ಗ್ರೀನ್‌ವಾಲ್ಡ್ ಮಿತಿಯೂ ಇವೆ. ಸ್ಥಿರತೆ ಎಂದರೆ ಈ ಎಲ್ಲ ಗಡಿಗಳ ನಡುವೆ ಉಳಿಯುವ ಸಣ್ಣ ಜಾಗ. ಕಷ್ಟವೇನೆಂದರೆ, ಹೆಚ್ಚು ಶಕ್ತಿ ಬೇಕೆಂದರೆ ಗಡಿಯ ಹತ್ತಿರಕ್ಕೇ ಹೋಗಬೇಕಾಗುತ್ತದೆ.

ಈಗ ಎಚ್-ಮೋಡ್. 1982ರಲ್ಲಿ ಮ್ಯೂನಿಕ್ ಬಳಿಯ ಗಾರ್ಷಿಂಗ್‌ನ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಜ್ ವಾಗ್ನರ್ ಮತ್ತು ಸಂಗಡಿಗರು ತಟಸ್ಥ ಪರಮಾಣುಗಳ ಪುಂಜದಿಂದ ಪ್ಲಾಸ್ಮಾವನ್ನು ಕಾಯಿಸುತ್ತಿದ್ದಾಗ, ಒಂದು ಹಂತ ದಾಟಿದೊಡನೆ ಡೈವರ್ಟರ್ ಭಾಗದಲ್ಲಿ (ಹೊರಬೀಳುವ ಶಾಖ ಮತ್ತು ಕಣಗಳನ್ನು ಬರಮಾಡಿಕೊಳ್ಳುವ ಭಾಗ) ಹೊಮ್ಮುತ್ತಿದ್ದ ಹೈಡ್ರೋಜನ್ನಿನ ಬೆಳಕು ಒಮ್ಮೆಲೇ ಕುಗ್ಗಿತು. ಹೊರಬೀಳುವ ಕಣಗಳೇ ಕಡಿಮೆಯಾಗಿದ್ದವು. ಶಕ್ತಿ ಒಳಗುಳಿಯುವ ಅವಧಿ ಸುಮಾರು ಇಮ್ಮಡಿಯಾಗಿತ್ತು. ಅಂಚಿನಲ್ಲಿ ಪಕ್ಕಪಕ್ಕದ ಪದರಗಳು ಬೇರೆಬೇರೆ ವೇಗದಲ್ಲಿ ಹರಿಯುವುದರಿಂದ ಶಾಖವನ್ನು ಹೊರಕ್ಕೆ ಒಯ್ಯುವ ಸುಳಿಗಳು ಹರಿದು ಚೂರಾಗುತ್ತವೆ ಎಂಬುದು ಇಂದಿನ ವಿವರಣೆ. ಈ ಕ್ಷೇತ್ರದ ಅತ್ಯಂತ ಸುಂದರವಾದ ಶೋಧ ಇದೇ ಎಂದು ನಾನು ಭಾವಿಸುತ್ತೇನೆ.

ಆದರೆ ಎಚ್-ಮೋಡ್ ಎಂದರೆ ಶಾಖವನ್ನು ಚೆನ್ನಾಗಿ ಹಿಡಿದಿಡುವ ಸ್ಥಿತಿ. ಚೆನ್ನಾಗಿ ಹಿಡಿದಿಡುವುದೂ ಸ್ಥಿರವಾಗಿರುವುದೂ ಒಂದೇ ಅಲ್ಲ. ಸೋರಿಕೆ ನಿಂತ ಮೇಲೆ ಅಂಚಿನಲ್ಲಿ ಒತ್ತಡ ಕಡಿದಾದ ಮೆಟ್ಟಿಲಿನಂತೆ ಏರುತ್ತದೆ, ಆ ಕಡಿದಾದ ಏರಿಕೆಯೇ ಹೊಸ ಅಸ್ಥಿರತೆಗೆ ಮೂಲವಾಗುತ್ತದೆ. ಮುಚ್ಚಿಟ್ಟ ಪಾತ್ರೆಯ ಹಾಲು ಉಕ್ಕಿದಂತೆ ಅಂಚಿನ ಪ್ಲಾಸ್ಮಾ ಮಿಲಿಸೆಕೆಂಡಿಗಿಂತಲೂ ಕಡಿಮೆ ಅವಧಿಯಲ್ಲಿ ಉಕ್ಕಿ ಹೊರಚೆಲ್ಲಿ, ತಗ್ಗಿ, ಮತ್ತೆ ಉಕ್ಕುತ್ತದೆ. ‘ಎಲ್ಮ್’ ಎನ್ನುವ ಈ ಉಕ್ಕುಗಳನ್ನು ಇಂದಿನ ಯಂತ್ರಗಳು ತಾಳಿಕೊಳ್ಳಬಲ್ಲವು. ಐಟಿಇಆರ್ ಗಾತ್ರದಲ್ಲಿ ಹಾಗೇ ಬಿಟ್ಟರೆ ಡೈವರ್ಟರಿನ ಟಂಗ್‌ಸ್ಟನ್ ಸವೆದುಹೋಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದ ಡಿಐಐಐ-ಡಿ ಯಂತ್ರದಲ್ಲಿ ಅಂಚಿನ ಕಾಂತಕ್ಷೇತ್ರವನ್ನು ಬೇಕೆಂದೇ ತುಸು ಕದಡಿ, ಒತ್ತಡ ಮಿತಿಮೀರದಂತೆ ಮಾಡಿ, ಎಲ್ಮ್‌ಗಳನ್ನು ತಡೆದು ತೋರಿಸಿದರು. ಐಟಿಇಆರ್ ಪಾತ್ರೆಯೊಳಗೆ ಇದಕ್ಕೆಂದೇ 27 ಸುರುಳಿಗಳು ಇರಲಿವೆ.

ಪ್ರಶ್ನೆ: ಪ್ಲಾಸ್ಮಾ ಹಿಡಿತ ತಪ್ಪಿದರೆ ಸ್ಫೋಟವಾಗುವುದಿಲ್ಲವೇ? ನಮ್ಮ ದೇಶದಲ್ಲಿ ಈ ಬಗ್ಗೆ ಸಂಶೋಧನೆ ನಡೆದಿದೆಯೇ?
– ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಸ್ಫೋಟವಾಗುವುದಿಲ್ಲ. ಐಟಿಇಆರ್‌ನ ಪ್ಲಾಸ್ಮಾದಲ್ಲಿ ಒಂದು ಹೊತ್ತಿಗೆ ಇರುವ ಇಂಧನ ಒಂದು ಗ್ರಾಮಿಗೂ ಕಡಿಮೆ. ಗೋಡೆ ಮುಟ್ಟಿದೊಡನೆ ಅದು ತಣ್ಣಗಾಗಿ ಸಮ್ಮಿಲನ ನಿಂತುಹೋಗುತ್ತದೆ. ಅಪಾಯವಿರುವುದು ಯಂತ್ರಕ್ಕೆ. ‘ಡಿಸ್‌ರಪ್ಷನ್’, ಅಂದರೆ ಪ್ಲಾಸ್ಮಾದ ಹಠಾತ್ ಕುಸಿತ, ಆದಾಗ ಪ್ಲಾಸ್ಮಾದ ಶಾಖ ಕೆಲವೇ ಮಿಲಿಸೆಕೆಂಡುಗಳಲ್ಲಿ ಹೊರಬೀಳುತ್ತದೆ, ಅದರ ಬೆನ್ನಿಗೇ ವಿದ್ಯುತ್ ಪ್ರವಾಹವೂ ಕುಸಿದು ಲೋಹದ ಪಾತ್ರೆಯನ್ನು ಭಾರೀ ಬಲದಿಂದ ಜಗ್ಗುತ್ತದೆ. ಐಟಿಇಆರ್‌ನಲ್ಲಿ ಆ ಪ್ರವಾಹ 1.5 ಕೋಟಿ ಆಂಪಿಯರ್ ಇರಲಿದೆ.

ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ‘ಆದಿತ್ಯ’ ಟೊಕಮಾಕ್ 1989ರಿಂದ ಕೆಲಸ ಮಾಡಿದೆ. ಅಲ್ಲಿನ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಗಮನಿಸುವಂಥದ್ದು. ಹೈಡ್ರೋಜನ್ ಅನಿಲವನ್ನು ಊದಿ ಬೇಕೆಂದೇ ಡಿಸ್‌ರಪ್ಷನ್‌ಗೆ ದಾರಿ ಮಾಡಿದರು. ಆದರೆ ಅದಕ್ಕೆ ಮೊದಲೇ ಪ್ಲಾಸ್ಮಾದ ಅಂಚಿಗೆ ಇಳಿಸಿದ್ದ ಎಲೆಕ್ಟ್ರೋಡಿಗೆ ವೋಲ್ಟೇಜ್ ಕೊಟ್ಟರು. ಅದರಿಂದ ಅಂಚಿನ ಪ್ಲಾಸ್ಮಾ ತಿರುಗತೊಡಗಿತು, ಕಾಂತೀಯ ಏರಿಳಿತಗಳು ಬೆಳೆಯದೆ ಅಡಗಿದವು, ಕುಸಿಯಬೇಕಿದ್ದ ಪ್ಲಾಸ್ಮಾ ಕುಸಿಯದೆ ಮುಂದುವರಿಯಿತು.