ಕಾರ್ಡೀಲಿಯಾ ‘ಏನೂ ಇಲ್ಲ’ ಅಂದಿದ್ದು ಅಹಂಕಾರವೇ?

ನನಗೆ ಹಾಗನಿಸುವುದಿಲ್ಲ, ಆದರೆ ಅವಳಲ್ಲಿ ಸ್ವಲ್ಪ ಹಟ ಇದೆ. ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ ನಾಟಕದ ಮೊದಲ ದೃಶ್ಯದಲ್ಲಿ ಮುದಿ ರಾಜ, ಯಾರಿಗೆ ತನ್ನ ಮೇಲೆ ಪ್ರೀತಿ ಜಾಸ್ತಿ ಅಂತ ಮೂವರು ಹೆಣ್ಣುಮಕ್ಕಳನ್ನೂ ಕೇಳಿ ರಾಜ್ಯ ಹಂಚಲು ಕೂತಿದ್ದಾನೆ. ಕಣ್ಣಿಗಿಂತ, ಸ್ವಾತಂತ್ರ್ಯಕ್ಕಿಂತ ನೀನೇ ಹೆಚ್ಚು ಅಂತಾಳೆ ಹಿರಿಯಳು ಗಾನರಿಲ್. ರೇಗನ್ ಇನ್ನೂ ಒಂದು ಕೈ ಮೇಲೆ. ಕಿರಿಯಳು ಕಾರ್ಡೀಲಿಯಾ ಮಾತ್ರ ಮೊದಲು ‘ಏನೂ ಇಲ್ಲ’ ಅಂದುಬಿಡುತ್ತಾಳೆ.

ಅವಳ ಭಾಷೆ ನೋಡಿ. ಹೋಲಿಕೆ, ಅಲಂಕಾರ ತೀರಾ ಕಡಿಮೆ. ಅಪ್ಪ ಮತ್ತೆ ಕೇಳಿದಾಗ, ಮಗಳಾಗಿ ಎಷ್ಟು ಪ್ರೀತಿಸಬೇಕೋ ಅಷ್ಟು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಮದುವೆಯಾದರೆ ಅರ್ಧ ಪ್ರೀತಿ ಗಂಡನಿಗೆ ಅನ್ನುತ್ತಾಳೆ. ಕೇಳೋಕೆ ಲೆಕ್ಕದ ಹಾಗಿದೆ, ಆದರೆ ಪ್ರೀತಿಯನ್ನು ಮೊದಲು ತಕ್ಕಡಿಗೆ ಹಾಕಿದ್ದು ಅಪ್ಪನೇ ಅಲ್ವಾ?

ನನಗೆ ತುಂಬಾ ಮುಖ್ಯ ಅನಿಸೋದು ನಾಲ್ಕನೇ ಅಂಕ. ಹುಚ್ಚು ಇಳಿದು ಎಚ್ಚರವಾದ ಲಿಯರ್, ನನ್ನನ್ನು ದ್ವೇಷಿಸಲು ನಿನಗೆ ಕಾರಣ ಇದೆ ಅಂದಾಗ ಅವಳು ‘ಕಾರಣವಿಲ್ಲ, ಕಾರಣವಿಲ್ಲ’ ಅನ್ನುತ್ತಾಳೆ. ಕಾರಣ ಖಂಡಿತ ಇತ್ತು: ಆ ಮೊದಲ ದೃಶ್ಯದಲ್ಲೇ ಅಪ್ಪ ಅವಳಿಗೆ ಪಾಲು ಕೊಡದೆ ಹೊರಹಾಕಿದ್ದ. ಒಂದು ಸುಳ್ಳು ಹೇಳಲು ಒಪ್ಪದೆ ರಾಜ್ಯವನ್ನೇ ಬಿಟ್ಟವಳು ಇಲ್ಲಿ ಅಪ್ಪನಿಗಾಗಿ ಸುಳ್ಳು ಹೇಳುತ್ತಾಳೆ, ಅದೂ ಎರಡೆರಡು ಸಲ.